ಬೀಗರ ಮನೆಯಲ್ಲಿ ಬಾಡಿಗೆಗೆ ಇರಬಾರದು

ಬಾಡಿಗೆ ಮನೆ ಹುಡುಕಲು ಹೋಗುವವರು ಜೊತೆಗೆ ಹಿರಿಯರನ್ನು ಕರೆದುಕೊಂಡು ಹೋಗಬಾರದು. ಅದರಲ್ಲೂ ನನ್ನ ಗಂಡನ ಕಾಕಾ, ನಮ್ಮ ಸಣ್ಣ ಮಾವ ಹುಚ್ಚೀರಪ್ಪನಂಥವರನ್ನು, ಕೈಮುಗಿದು ಹೇಳುತ್ತೇನೆ, ಬೇಡವೇ ಬೇಡ.

ಗದಗ ಜಿಲ್ಲೆಯಾದ ಮರುವರ್ಷ ನನಗೆ ಅಲ್ಲಿನ ಹೊಸ ಕಚೇರಿಯೊಂದರಲ್ಲಿ ಟೈಪಿಸ್ಟ್ ನೌಕರಿ ಸಿಕ್ಕಿತು. ಲಕ್ಷ್ಮೇಶ್ವರದಿಂದ ದಿನಾ ಬಸ್ಸು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ ಓಡಿದರೂ ಬಸ್ಸು ಕೈಕೊಡುತ್ತಿತ್ತು. ಕೊನೆಗೆ ಸಾಹೇಬರು, "ತಿಂಗಳದಾಗ ಇಲ್ಲೇ ಬಂದು ಮನಿ ಮಾಡ್ರಿ, ಇಲ್ಲಾ ನೌಕರಿ ಬಿಡ್ರಿ ಕಾಂಚನಾ" ಎಂದುಬಿಟ್ಟರು. ತಿಂಗಳು ಮುಗಿಯಲು ಉಳಿದದ್ದು ಆ ಒಂದು ರವಿವಾರ ಮಾತ್ರ. ಅತ್ತೆ ಸುಮಿತ್ರವ್ವ, "ಇನ್ನ ಮ್ಯಾಲ ರೊಟ್ಟಿ ಬಡಿಯಾಕ ನಾನ ಕುಂಡ್ರಬೇಕೇನು?" ಎಂದು ಗೊಣಗಿದರು. ಗಂಡ ವೀರು ಕಾಳಿನ ಅಡತಿ ಅಂಗಡಿಯಲ್ಲಿದ್ದಾರೆ. "ನನಗ ಅಂಗಡಿ ಬಿಡಾಕ ಆಗೂದಿಲ್ಲ, ಕಾಕಾನ್ನ ಕರಕೊಂಡು ಹೋಗು. ಮನಿ ಸಿಕ್ಕರ ಮೂರೂ ಮಂದಿ ಹೋಗೂಣು" ಎಂದರು.

ನನ್ನ ಪಗಾರಕ್ಕೆ ಗದಗಿನ ಹುಡ್ಕೋ ಕಾಲೋನಿಯ ಮನೆಗಳನ್ನು ದೂರದಿಂದ ನೋಡಬಹುದಿತ್ತು, ಅಷ್ಟೆ. ಅದಕ್ಕೇ ಮೊದಲು ಮುಳಗುಂದ ನಾಕಾಕ್ಕೆ ಹೋದೆವು. ಎರಡು ಖೋಲಿ, ಅಂಗಳದಲ್ಲೇ ನಲ್ಲಿ, ಕೈಗೆಟುಕುವ ಬಾಡಿಗೆ. ನಾನು ಹೊಸ್ತಿಲಲ್ಲೇ ಹೂಂ ಎನ್ನುವವಳಿದ್ದೆ. ಅಷ್ಟರಲ್ಲಿ ಮಾವ ಕಟ್ಟೆಯ ಮೇಲೆ ಕುಳಿತು, ತಂಬಿಗೆ ನೀರು ಕುಡಿದು, ಮನೆಯ ಮಾಲಕ ಈಶಪ್ಪನವರನ್ನು ಕೇಳಿದರು:

"ಯಾವೂರ್ರಿ ನಿಮ್ಮದು? ಯಾರ ಪೈಕಿ?"

"ಮೂಲ ಅಂತೂರ ಬೆಂತೂರ್ರಿ."

"ಅಂತೂರಿಗೆ ನಮ್ಮ ಅಕ್ಕನ ಮಗಳನ್ನ ಕೊಟ್ಟೇವಲ್ರಿ!"

ಆ ಹುಡುಗಿಯ ಗಂಡ ಈಶಪ್ಪನವರ ದೊಡ್ಡಪ್ಪನ ಮೊಮ್ಮಗನಂತೆ. ಇಬ್ಬರೂ ಕೈ ಕೈ ಹಿಡಿದುಕೊಂಡರು. ಚೂಡಾ ಬಂತು, ಚಹಾ ಬಂತು, ಮನೆ ಹೋಯಿತು. ನಮ್ಮ ಕಡೆ ಬೀಗರ ಮನೆಯಲ್ಲಿ ಬಾಡಿಗೆಗೆ ಇರುವುದಿಲ್ಲ. ಬಾಡಿಗೆ ಇಸಿದುಕೊಂಡರೆ ಅವರಿಗೆ ನಾಚಿಕೆ, ಕೊಡದಿದ್ದರೆ ನಮಗೆ ನಾಚಿಕೆ. ನಾಳೆ ನಲ್ಲಿಯ ಮುಂದೆ ಒಂದು ಮಾತು ಹೆಚ್ಚುಕಡಿಮೆಯಾದರೆ ಕೊಟ್ಟ ಹುಡುಗಿಯ ಸಂಸಾರಕ್ಕೇ ಕುತ್ತು.

ಹಾತಲಗೇರಿ ನಾಕಾದ ಮನೆ ಇನ್ನೂ ಚಂದವಿತ್ತು. ಮಾಲಕಿ ಕಳಕವ್ವ "ನಮ್ಮ ತವರುಮನಿ ಡಂಬಳ" ಎನ್ನುತ್ತಿದ್ದಂತೆ ನಾನು ಕಣ್ಣು ಮುಚ್ಚಿದೆ. ಮತ್ತೆ ಬೀಗರು, ಮತ್ತೆ ಚೂಡಾ. ಈ ಮನುಷ್ಯನನ್ನು ಹೊರಗೆ ಬಿಟ್ಟರೆ ಸಂಜೆಯೊಳಗೆ ಇಡೀ ಜಿಲ್ಲೆಯೇ ನಮ್ಮ ಬೀಗರಾಗಿಬಿಡುತ್ತದೆ.

"ಮಾವಾರ, ಮುಂದಿನ ಮನ್ಯಾಗರ ಊರು ಕೇಳಬ್ಯಾಡ್ರಿ, ನಿಮ್ಮ ಕಾಲು ಹಿಡೀತೀನಿ" ಎಂದೆ ದಾರಿಯಲ್ಲಿ.

"ಕೇಳಲಾರದ ಹೆಂಗವ್ವಾ? ಎತ್ತು ಕೊಳ್ಳುವಾಗನೂ ಊರು ಕೇಳತೀವಿ."

ಮೂರನೆಯದು ಬೆಟಗೇರಿಯಲ್ಲಿ, ನೇಕಾರರ ಓಣಿಯೊಳಗೆ ಅಲ್ಮಾಸಬಿ ಎಂಬ ಮುದುಕಿಯ ಮನೆ. ಮಾವ ಇಲ್ಲಿಯೂ ಊರು ಕೇಳಿದರು. ಆಕೆ ಮುಂಡರಗಿ ಎಂದಳು. ಮಾವ ಎಷ್ಟು ತಿಣುಕಿದರೂ ಬೀಗತನದ ಎಳೆ ಸಿಗಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

"ಬಾಗಲಾ ದಕ್ಷಿಣಕ್ಕ ಐತಲ್ಲ" ಎಂದರು ಮಾವ.

"ಹಿತ್ತಲ ಬಾಗಲಾ ಉತ್ತರಕ್ಕ ಐತ್ರಿ ಅಣ್ಣಾರ. ಅದರಾಗ ಬರ್ರಿ" ಎಂದಳು ಅಲ್ಮಾಸಬಿ.

"ಮಗ್ಗದ ಸಪ್ಪಳ ಭಾಳ."

"ಹಗಲೆಲ್ಲಾ ಈಕಿ ಕಚೇರ್ಯಾಗ ಇರ್ತಾಳ. ರಾತ್ರಿ ಮಗ್ಗ ಬಂದ್ ಇರ್ತಾವು."

"ನೀರು?"

"ಹಿತ್ತಲದಾಗ ಬಾವಿ ಐತಿ, ನೋಡ್ರಿ."

ಮಾವ ನೋಡಲಿಲ್ಲ. "ಹೋಗೂಣು ನಡಿಯವ್ವಾ, ಈ ಮನಿ ಯಾಕೋ ಮನಸ್ಸಿಗೆ ಬರವಲ್ದು" ಎಂದು ಎದ್ದರು. ನನ್ನ ತಲೆ ಸಿಡಿದುಹೋಯಿತು.

"ಮಾವಾರ, ನಿಮಗ ಮನಿ ಬೇಕೋ ಬ್ಯಾಡೋ?" ಎಂದು ದನಿ ಏರಿಸಿಯೇ ಕೇಳಿದೆ. ಹಿರಿಯರ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು.

ಹುಚ್ಚೀರಪ್ಪ ಮಾವನಿಗೆ ನೆಂಟಸ್ತನ ಹುಡುಕಲು ಬರುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ಅಲ್ಲೇ ಕುಸಿದು ಕುಳಿತರು.

"ಬ್ಯಾಡಂತವ್ವಾ. ಯಾ ಮನೀನೂ ಗೊತ್ತುಮಾಡಬ್ಯಾಡ, ಸುತ್ತಿಸಿ ವಾಪಸ್ ಕರಕೊಂಡು ಬಾ ಅಂತ ಹೇಳಿ ಕಳಿಸ್ಯಾರ. ನೌಕರಿ ತಾನ ಹೋಗತೈತಿ ಅಂತ."

"ಅತ್ತಿ ಹೇಳಿದ್ರೇನು?"

"ಇಲ್ಲವ್ವಾ, ವೈನಿ ಬೈಕೋತ ಆದ್ರೂ ಹೋಗ್ಲಿ ಅಂದಳು." ಮಾವ ನನ್ನ ಮುಖ ನೋಡಲಿಲ್ಲ. "ಹೇಳಿದಾಂವ ವೀರೂ."

ಬೆಳಗಿನಿಂದ ನಾನು ಸಿಟ್ಟು ಮಾಡಿಕೊಂಡದ್ದು ತಪ್ಪು ಮನುಷ್ಯನ ಮೇಲೆ. ಮೂರೂ ಮಂದಿ ಹೋಗೂಣು ಎಂಬ ಮಾತನ್ನು ವೀರು ರಾತ್ರಿ ಊಟಕ್ಕೆ ಕುಳಿತು, ಇನ್ನೊಂದು ರೊಟ್ಟಿ ಹಾಕು ಎನ್ನುತ್ತಲೇ ಆಡಿದ್ದರು. ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಅಲ್ಮಾಸಬಿ ಮೆಲ್ಲಗೆ ಕೇಳಿದಳು:

"ಎಷ್ಟು ಮಂದಿ ಇರ್ತೀರವ್ವಾ?"

"ನಾನು, ನನ್ನ ಮಗಳು."

ಮಾವ ತಟ್ಟನೆ ತಲೆ ಎತ್ತಿದರು. "ವೀರೂ?"

"ಬರ್ತೀನಂದ್ರ ಅವರ ಬಂದು ಕೇಳಲಿ. ಮನಿ ನನ್ನ ಹೆಸರಿಲೆ ಹಿಡದೀನಿ" ಎಂದು ಹೇಳಿ, ಅಲ್ಮಾಸಬಿಯ ಹತ್ತಿರ ಕಸಬರಿಗೆ ಇಸಿದುಕೊಂಡೆ.