ಟ್ರಂಕ್ ಕಾಲಿನಲ್ಲಿ ಬಂದ ಲಿಂಬೆ ಟೊಂಗೆ

ನಾನು ಇಂಡಿ ಪಟ್ಟಣದ ಕಾಲೇಜೊಂದರ ಗ್ರಂಥಪಾಲಕ. ಪುಸ್ತಕಕ್ಕೆ ನಂಬರು ಹಚ್ಚದೆ ಕಪಾಟಿನಲ್ಲಿಟ್ಟರೆ ನನಗೆ ಊಟ ಇಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಮರ್ಯಾದೆ ಹೋಗುವ ಪ್ರಸಂಗವಿದೆ.

೧೯೭೬ರ ಒಂದು ಬುಧವಾರ ಹತ್ತಿರದ ಹಳ್ಳಿ ಹಲಸಂಗಿಯ ರೇವವ್ವ ನನ್ನ ಮೇಜಿನ ಮೇಲೆ ಒಂದು ಲಿಂಬೆ ಟೊಂಗೆ ತಂದಿಟ್ಟಳು. ಎಲೆ, ಕಡ್ಡಿ, ಕಾಯಿ ಎಲ್ಲದರ ಮೇಲೂ ಕಜ್ಜಿ. ಅವಳದು ಅರವತ್ತು ಗಿಡ. ರೋಗ ತಮ್ಮ ತೋಟಕ್ಕೂ ಹಬ್ಬುತ್ತದೆಂದು ನೆರೆಯವರು ಗದ್ದಲ ಮಾಡಿದ್ದರು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಕಡಿದು ಸುಡುವುದಾಗಿ ಗಂಡ ಮಾಳಿಂಗಪ್ಪ ಮಾತು ಕೊಟ್ಟುಬಿಟ್ಟಿದ್ದ. ಗಿಡ ನೆಟ್ಟವಳು ಅವಳು, ಕೊಡ ಹೊತ್ತು ನೀರು ಹಾಕಿದವಳೂ ಅವಳೇ. ಇಷ್ಟು ಪುಸ್ತಕ ಇಟ್ಟುಕೊಂಡು ಕೂತಿದ್ದೀರಲ್ಲ, ಇದಕ್ಕೊಂದು ಮದ್ದು ಯಾವುದರಲ್ಲೂ ಇಲ್ಲವೇ ಎಂದು ಕೇಳಿದಳು. ನನಗೆ ಸಿಟ್ಟು ಬಂತು. ಸರಿಯಾದ ಪ್ರಶ್ನೆ ಕೇಳಿದವರ ಮೇಲೆ ನನಗೆ ಯಾವಾಗಲೂ ಸಿಟ್ಟು ಬರುತ್ತದೆ.

ಪತ್ರಿಕೆಗಳ ಲೇಖನಸೂಚಿಯಲ್ಲಿ ಹುಡುಕಿದೆ. ಈ ರೋಗದ ಮೇಲೆ ವಿದೇಶಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನ ಬಂದಿತ್ತು. ಪತ್ರಿಕೆ ಇದ್ದದ್ದು ಧಾರವಾಡದ ಗ್ರಂಥಾಲಯವೊಂದರಲ್ಲಿ. ಅಂಚೆಯಲ್ಲಿ ನಕಲು ತರಿಸುವಷ್ಟರಲ್ಲಿ ಗಿಡಗಳು ಬೂದಿಯಾಗಿರುತ್ತಿದ್ದವು. ಹಾಗಾದರೆ ಲೇಖನವನ್ನು ತಂತಿಯ ಮೇಲೇ ತರಿಸೋಣವೆಂದು ರೇವವ್ವನೊಡನೆ ಟೆಲಿಫೋನ್ ಕಚೇರಿಗೆ ಹೋದೆ. ಆಪರೇಟರ್ ನಜಮಾ ಧಾರವಾಡಕ್ಕೆ ಅರ್ಜೆಂಟ್ ಟ್ರಂಕ್ ಕಾಲ್ ಹಚ್ಚಿಕೊಟ್ಟಳು. ಅಲ್ಲಿಯ ಗ್ರಂಥಪಾಲಕಿ ಗೋದೂಬಾಯಿಗೆ ಸಂಪುಟ ಹುಡುಕಿಡಲು ಹೇಳಿ, ಒಂದು ಗಂಟೆ ಬಿಟ್ಟು ಮತ್ತೆ ಹಚ್ಚಿಸಿದೆ.

ಆಗ ಮೂರು ನಿಮಿಷಕ್ಕೆ ಕಾಲ್ ಮುಗಿಯುತ್ತಿತ್ತು. ಆ ಮೂರೂ ನಿಮಿಷ ನಾನು ಲೇಖಕರ ಹೆಸರು, ಅವರ ಪದವಿ, ಸಂಪುಟ, ಸಂಚಿಕೆ, ಪುಟಸಂಖ್ಯೆ, ಅಚ್ಚಾದ ಊರು ಎಲ್ಲ ಬರೆದುಕೊಂಡೆ. ಟೈಮಾಯಿತೆಂದು ನಜಮಾ ಹೇಳಿದಾಗ ನನ್ನ ಕಾರ್ಡು ತುಂಬಿತ್ತು, ಲಿಂಬೆಯ ಸುದ್ದಿ ಒಂದಕ್ಷರವೂ ಬಂದಿರಲಿಲ್ಲ. ರೇವವ್ವ ನೋಡಿದ ನೋಟಕ್ಕೆ ಕಜ್ಜಿ ನನಗೇ ಏಳಬೇಕಿತ್ತು.

ಮೂರನೆಯ ಸಲ ಗೋದೂಬಾಯಿ ಸರಸರ ಓದಿ ಕನ್ನಡದಲ್ಲಿ ಹೇಳಿದರು. ಗಿಡ ಕಡಿಯಬೇಕಿಲ್ಲ, ಕಜ್ಜಿ ಹತ್ತಿದ ಕಡ್ಡಿ ಕತ್ತರಿಸಿ ಸುಟ್ಟು, ಮೈಲುತುತ್ತ ಸುಣ್ಣ ಕಲಸಿದ ನೀರು ಸಿಂಪಡಿಸಿದರೆ ಸಾಕು. ಎಲ್ಲಿ ಕತ್ತರಿಸಬೇಕೆಂದು ಕೇಳಿದೆ. ಎರಡನೆಯ ಚಿತ್ರದಲ್ಲಿ ತೋರಿಸಿದಂತೆ ಎಂದು ಬರೆದಿದ್ದರಂತೆ. ತಂತಿಯೊಳಗೆ ಚಿತ್ರ ಹೇಗೆ ಬರಬೇಕು?

ರೇವವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ಅಕ್ಕಾರ, ಆ ಚಿತ್ರದ ಮ್ಯಾಲ ಏಳು ಸಾಲು ಚುಕ್ಕಿ ಇಡ್ರಿ. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರಿ ಹೋಗೇತಿ, ಅಷ್ಟ ಹೇಳ್ರಿ ಸಾಕು."

ಸಂಪುಟಕ್ಕೆ ಪೆನ್ಸಿಲ್ ತಾಗಿಸಬೇಡಿರೆಂದು ನಾನು ಪಕ್ಕದಿಂದ ಕೂಗಿದೆ. ಯಾರೂ ಕೇಳಲಿಲ್ಲ. ನಜಮಾ ಸೀಮೆಸುಣ್ಣ ಕೊಟ್ಟಳು. ರೇವವ್ವ ಫೋನನ್ನು ಹೆಗಲಿಗೆ ಒತ್ತಿಕೊಂಡು ನೆಲದ ಮೇಲೆ ಚುಕ್ಕಿ ಇಟ್ಟಳು, ಕೇಳುತ್ತ ಕೇಳುತ್ತ ಗೆರೆ ಎಳೆದಳು, ಕತ್ತರಿಸುವ ಜಾಗಕ್ಕೆ ಅಡ್ಡಗೀಟು ಹಾಕಿದಳು. ಮೂರು ನಿಮಿಷ ಯಾವಾಗಲೋ ದಾಟಿತ್ತು. ನಜಮಾ ಗಡಿಯಾರಕ್ಕೆ ಬೆನ್ನು ಹಾಕಿ ನಿಂತಿದ್ದಳು. ನೋಡನೋಡುತ್ತ ಕಚೇರಿಯ ನೆಲದ ಮೇಲೆ ಎಡಬಲ ತೂಕ ತಪ್ಪದ ಚೆಂದದ ಟೊಂಗೆಯೊಂದು ಮೂಡಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷ ನನಗೆ ಇನ್ನೊಮ್ಮೆ ಆಗಿಲ್ಲ.

ಅಂದು ಸಂಜೆ ಅವಳು ಅದನ್ನೇ ತನ್ನ ಅಂಗಳದಲ್ಲಿ ಹಾಕಿ ಗಂಡನಿಗೂ ನೆರೆಯವರಿಗೂ ತೋರಿಸಿದಳು. ಬೆಳಿಗ್ಗೆ ಮಾಳಿಂಗಪ್ಪ ಕೊಡಲಿ ಬಿಟ್ಟು ಕತ್ತರಿ ಹಿಡಿದ.

ತಿಂಗಳ ಮೇಲೆ ನಾನು ಧಾರವಾಡಕ್ಕೆ ಹೋದಾಗ ಆ ಸಂಪುಟ ತೆರೆದು ನೋಡಿದೆ. ಚಿತ್ರದಲ್ಲಿ ಕಜ್ಜಿ ಇದ್ದದ್ದು ಎಡಗಡೆಯ ಕಡ್ಡಿಗಳಿಗೆ ಮಾತ್ರ, ಅಡ್ಡಗೀಟುಗಳೂ ಅಲ್ಲಿಯೇ. ಬಲಗಡೆ ಕತ್ತರಿ ಮುಟ್ಟಲೇಬಾರದಿತ್ತು. ದಿನಾ ರಂಗೋಲಿ ಹಾಕುವ ಕೈ, ಎಡಕ್ಕೆ ಹಾಕಿದ ಗೀಟನ್ನು ಯಾರೂ ಹೇಳದೆಯೇ ಬಲಕ್ಕೂ ಹಾಕಿಬಿಟ್ಟಿತ್ತು. ಚಿತ್ರದ ನಕಲು ತೆಗೆದುಕೊಂಡು ಹಲಸಂಗಿಗೆ ಓಡಿದೆ.

ಗಿಡಗಳು ತಿರುಪತಿಗೆ ಹೋಗಿಬಂದವರ ಹಾಗೆ ಬೋಳು ತಲೆಯಲ್ಲಿ ಸಾಲಾಗಿ ನಿಂತಿದ್ದವು. ಆದರೆ ಪ್ರತಿ ಗಾಯದ ಕೆಳಗೂ, ಎಡಕ್ಕೂ ಬಲಕ್ಕೂ, ತಿಳಿಹಸಿರು ಚಿಗುರು. ಎಲ್ಲಿಯೂ ಒಂದು ಗುಳ್ಳೆ ಕಾಣಲಿಲ್ಲ. ತಪ್ಪನ್ನು ಹೇಗೆ ಹೇಳಲಿ ಎಂದು ತಡವರಿಸುತ್ತ ನಕಲನ್ನು ಅವಳ ಮುಂದೆ ಹಿಡಿದೆ. ರೇವವ್ವ ಅಡ್ಡಗೀಟಿಲ್ಲದ ಬಲಗಡೆಯ ಮೇಲೆ ಬೆರಳಾಡಿಸಿದಳು. ಆ ವಿಜ್ಞಾನಿಗಳ ಮೇಲೆ ಅವಳಿಗೆ ಕರುಣೆ ಬಂದಂತಿತ್ತು.

"ಪಾಪ, ಅರ್ಧಾ ಹಾಕಿ ಬಿಟ್ಟಾರ್ರಿ," ಎಂದಳು. "ಮುಗಸಾಕ ಪುರಸೊತ್ತ ಸಿಕ್ಕಿಲ್ಲ ಕಾಣಸ್ತೈತಿ."