ಅಪ್ಪನ ಮುಖವಾದ ಸುರುಳಿ

ನಡುಮಧ್ಯಾಹ್ನ ನನ್ನನ್ನು ಹರಿದು ನೀರಿಗೆ ಹಾಕಿದರು. ಹರಿದವನಿಗೆ ನನ್ನ ಮೇಲೆ ಕೋಪವಿರಲಿಲ್ಲ. ಅವನಿಗೆ ಗ್ರೀಕ್ ಓದಲು ಬರುತ್ತಿರಲಿಲ್ಲ.

ನಾನು ಒಂದು ಪಪೈರಸ್ ಸುರುಳಿ. ನೈಲ್ ನದಿಯ ಜೌಗಿನಲ್ಲಿ ಜೊಂಡಾಗಿ ಬೆಳೆದೆ. ನನ್ನನ್ನು ಸೀಳಿ, ಅಡ್ಡಕ್ಕೂ ಉದ್ದಕ್ಕೂ ಹಾಸಿ, ಬಡಿದು, ಒಣಗಿಸಿದರು. ಈಜಿಪ್ಟಿನ ಹಳ್ಳಿಯೊಂದರಲ್ಲಿ ನೆಲೆಸಿದ್ದ ಡೆಕ್ಸಿಯಾಸ್ ಎಂಬ ಗ್ರೀಕ್ ಮುದುಕ ನನ್ನನ್ನು ಕೊಂಡ. ಅವನ ಹುಟ್ಟೂರು ಮೆಲಂಥ ಸುಟ್ಟುಹೋಗಿತ್ತು. ಊರಿನವರೇ ಬೆಂಕಿ ಹಚ್ಚಿಕೊಂಡರು ಎಂದು ರಾಜನೊಬ್ಬ ಬರೆಸಿದ್ದ. ಡೆಕ್ಸಿಯಾಸ್ ಬದುಕುಳಿದವರನ್ನು ಹುಡುಕಿ ಕೇಳಿದ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ ನನ್ನ ಮೇಲೆ ಬರೆದ. ತಿಳಿಯದ ಕಡೆ ‘ಗೊತ್ತಿಲ್ಲ’ ಎಂದೇ ಬರೆದ. ನನಗೆ ಇನ್ನೊಂದು ಪ್ರತಿ ಇರಲಿಲ್ಲ.

ಅವನು ಸತ್ತಾಗ ಮಗಳು ಕ್ಲೈನೊ ಆ ಊರಿನ ರೂಢಿಯಂತೆ ದೇಹವನ್ನು ಮಮ್ಮಿ ಮಾಡುವ ಕಸುಬಿನ ಪೆಟೆಸುಖ ಎಂಬವನಿಗೆ ಒಪ್ಪಿಸಿದಳು. ಬಟ್ಟೆ ಸುತ್ತಿದ ದಿನ ನನ್ನನ್ನು ತಂದು ಅಪ್ಪನ ಪಕ್ಕದಲ್ಲಿ ಕುಳಿತು ಓದಿದಳು. ಮುಂದೆ ಪ್ರತಿ ಮಾಡಿಸಲು ನನ್ನನ್ನು ನಕಲುಗಾರನ ಬಳಿಗೆ ಒಯ್ಯಬೇಕಿತ್ತು. ಆದರೆ ಶವ ಮುಟ್ಟಿದ ಗ್ರೀಕರು ಮೀಯದೆ ಬೇರೆ ಕೆಲಸಕ್ಕೆ ಹೋಗುವುದಿಲ್ಲ. ನನ್ನನ್ನು ಅಲ್ಲೇ ಹಲಗೆಯ ಮೇಲಿಟ್ಟು ಸ್ನಾನಕ್ಕೆ ಹೋದಳು.

ಶವದ ಮುಖವಾಡಗಳನ್ನು ಅಲ್ಲಿ ರದ್ದಿ ಪಪೈರಸ್‌ನಿಂದ ಮಾಡುತ್ತಿದ್ದರು. ತೋಯಿಸಿ, ಪದರ ಪದರವಾಗಿ ಅಂಟಿಸಿ, ಗಾರೆ ಬಳಿದು ಬಣ್ಣ ಹಚ್ಚುವುದು. ಸತ್ತವರ ಮನೆಯವರು ರದ್ದಿ ತಂದಿಡುತ್ತಿದ್ದುದು ಆ ಹಲಗೆಯ ಮೇಲೆಯೇ.

“ಅಣ್ಣಾ, ಇಲ್ಲಿಟ್ಟಿದ್ದ ಸುರುಳಿ ಎಲ್ಲಿ?” ಒದ್ದೆ ಕೂದಲಲ್ಲೇ ಬಂದ ಕ್ಲೈನೊ ಕೇಳಿದಳು.

“ಮುಖವಾಡಕ್ಕೆ ಹಾಕಿದೆನಲ್ಲ ತಾಯಿ,” ಎಂದ ಪೆಟೆಸುಖ. “ಒಳ್ಳೇ ಮಾಲು. ಮೊನ್ನೆ ಒಬ್ಬರು ತಂದದ್ದು ಬರೀ ಹುಳದ ಊಟ. ನಿಮ್ಮಪ್ಪನ ಮೂಗು ಎಷ್ಟು ನೆಟ್ಟಗೆ ಬಂದಿದೆ ನೋಡಿ.”

ಅವಳು ಒದ್ದೆ ಮುಖವಾಡದ ಮುಂದೆ ಕುಳಿತಳು. “ಬಿಡಿಸಿಕೊಡು,” ಎಂದಳು.

“ಈಗ ಬಿಡಿಸಿದರೆ ಗಂಜಿ ಆಗುತ್ತೆ ತಾಯಿ. ಮುಖವೂ ಇಲ್ಲ, ಬರಹವೂ ಇಲ್ಲ.” ಅವನ ದನಿ ಇಳಿಯಿತು. “ರದ್ದಿ ಅಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?”

ಎಡಗಿವಿಯ ಬಳಿ ಅಪ್ಪನ ಅಕ್ಷರ ಇನ್ನೂ ಕಾಣುತ್ತಿತ್ತು. ಅವಳು ಬೆರಳಿಟ್ಟು ಓದಿದಳು: ‘ಬೆಂಕಿ ಹಚ್ಚಿದ್ದು ರಾಜನ ಸೈನಿಕರು.’

“ಇಲ್ಲಿ ಗಾರೆ ತೆಳ್ಳಗೆ ಬಳಿ, ಅಕ್ಷರ ಅಳಿಯಬಾರದು,” ಎಂದಳು.

ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮರಳಿನಡಿ ಅವನ ಮುಖದ ಮೇಲೆ ಮಲಗಿದ್ದೆ. ಆಮೇಲೆ ಅಗೆದವರು ನನ್ನನ್ನು ಪ್ರಯೋಗಾಲಯಕ್ಕೆ ತಂದು ಬಿಸಿನೀರಿನಲ್ಲಿಟ್ಟರು. ಬಣ್ಣದ ಕಣ್ಣು, ನೆಟ್ಟಗಿನ ಮೂಗು ಕರಗಿಹೋದವು. ಕಿವಿಯ ಬಳಿಯ ತುಂಡು ಉಳಿಯಿತು. ಅದನ್ನು ಓದಿದ ಪ್ರಾಧ್ಯಾಪಕಿ ಕುರ್ಚಿಯಿಂದ ಎದ್ದು ನಿಂತರು. ಅಲ್ಲಿಯವರೆಗೆ ಅವರು ಪಾಠ ಮಾಡಿದ್ದು ರಾಜ ಬರೆಸಿದ ಕಥೆಯನ್ನು.

ಈಗ ಎರಡು ಗಾಜಿನ ನಡುವೆ, ಒಂದು ಡ್ರಾಯರಿನಲ್ಲಿದ್ದೇನೆ. ಡೆಕ್ಸಿಯಾಸನ ಹೆಸರಿದ್ದ ತುಂಡು ಮೂಗಿನ ಭಾಗದಲ್ಲಿತ್ತು. ಗಾಜಿನ ಮೇಲಿನ ಚೀಟಿಯಲ್ಲಿ ‘ಬರೆದವರು: ಗೊತ್ತಿಲ್ಲ’ ಎಂದಿದೆ.