ಅವಿರಾಚ್ಚನ ಹೆಣದ ವೇಷ

"ಕಣ್ಣು ಅಲ್ಲಾಡ್ತಿದೆ ಚೇಟ್ಟಾ. ಸತ್ತೋರು ಹಂಗೆಲ್ಲ ಮಾಡಲ್ಲ," ಎಂದ ನಿರ್ದೇಶಕ.

ಶವಪೆಟ್ಟಿಗೆಯೊಳಗೆ ಮಲಗಿದ್ದ ಅವಿರಾಚ್ಚನ್ ಗೊಣಗಿದ: "ಮೂಗಿನ ಮೇಲೆ ನೊಣ ಕೂತ್ರೆ ಸತ್ತೋನಿಗೂ ಕಚಗುಳಿ ಆಗುತ್ತೆ ಮಾರಾಯ."

ಮೊದಲೆಲ್ಲ ಸಿನಿಮಾದವರು ಕೇರಳದ ಈ ಹಿನ್ನೀರಿನ ಕುಟ್ಟನಾಡಿಗೆ ಬರುತ್ತಿದ್ದದ್ದು ದೋಣಿಯಲ್ಲಿ ನಾಯಕಿಯನ್ನು ಕೂರಿಸಿ ಹಾಡು ತೆಗೆಯಲು. ಕೊಚ್ಚಿಯಿಂದ ಬಂದ ಈ ಹುಡುಗನಿಗೆ ಹಾಡೂ ಬೇಡ, ನಟರೂ ಬೇಡ. ಇಲ್ಲಿನ ಸಾವಿಗೆ ಇಲ್ಲಿಯವರೇ ಅಳಬೇಕಂತೆ. ಅಳುವವರಿಗೇನು ಬರ? ಇಗರ್ಜಿಯ ಜನವೆಲ್ಲ ಬಿಳಿ ಬಟ್ಟೆ ಉಟ್ಟು, ಮರಗೆಣಸು ಮೀನುಸಾರು ತಿಂದು ತೇಗಿ, ಅಂಗಳದಲ್ಲಿ ನೆರೆದಿತ್ತು. ಹೆಂಡತಿ ಏಲಿಕುಟ್ಟಿ ಮಾತ್ರ ಬೆಳಗಿನಿಂದ ಜಪಮಾಲೆ ಕೆಳಗಿಟ್ಟಿರಲಿಲ್ಲ. ಬದುಕಿರುವ ಗಂಡನನ್ನು ಪೆಟ್ಟಿಗೆಯಲ್ಲಿ ನೋಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಅವಿರಾಚ್ಚನ ಚಿಂತೆಯೇ ಬೇರೆ. ಅಣ್ಣ ಔಸೇಪ್ಪಚ್ಚನ ಬಾತುಕೋಳಿಗಳು ತನ್ನ ಗದ್ದೆಗೆ ನುಗ್ಗಿದ ವರ್ಷ ಇಬ್ಬರೂ ಇಗರ್ಜಿಯ ಮುಂದೆಯೇ ಹಾವು ಮುಂಗುಸಿಯಂತೆ ಕಾದಾಡಿದ್ದರು. "ನೀನು ಸತ್ರೂ ನಿನ್ನ ಮುಖ ನೋಡಲ್ಲ" ಎಂದು ಆಣೆ ಹಾಕಿ ಹೋದ ಅಣ್ಣ ಇಂದಿಗೂ ಮಾತು ಬಿಟ್ಟವನೇ. ಆಚೆ ದಡದ ಆ ಮೊಂಡನಿಗೆ ಸಿನಿಮಾದ ಈ ಸಾವಿಗಾದರೂ ಬಾ ಎಂದು ಏಲಿಕುಟ್ಟಿಯಿಂದ ಹೇಳಿಕಳಿಸಿದ್ದು ಅವಿರಾಚ್ಚನೇ. ಬಂದನೋ ಇಲ್ಲವೋ, ಕಣ್ಣು ಬಿಟ್ಟು ನೋಡುವ ಹಾಗಿಲ್ಲ.

"ಕೊನೆಯ ಮುತ್ತು! ಒಬ್ಬೊಬ್ರೇ ಬನ್ನಿ," ಎಂದ ನಿರ್ದೇಶಕ.

ಜನ ಬಾಗಿ ಬಾಗಿ ಹಣೆಗೆ ಮುತ್ತಿಟ್ಟು ಹೋದರು. ಏಲಿಕುಟ್ಟಿ ಅಳುತ್ತಲೇ, ಜೀವ ಇದೆಯೋ ಇಲ್ಲವೋ ಎಂದು ತೋಳನ್ನು ಚಿವುಟಿ ನೋಡಿದಳು. ಅವಳ ಹಿಂದೆ ಬಂದವನು ಮಾತ್ರ ತಲೆಯ ಬಳಿ ನಿಂತೇ ಇದ್ದ. ಬೀಡಿಯ ವಾಸನೆ, ಆ ಹಳೆಯ ಕೆಮ್ಮು.

"ಎಷ್ಟು ಬಡವಾಗಿದೀಯೋ," ಎಂದ ಔಸೇಪ್ಪಚ್ಚನ್, ಮೆಲ್ಲಗೆ. "ಹೊಟ್ಟೆಗೆ ಸರಿಯಾಗಿ ತಿನ್ನಲ್ವೇನೋ?"

ಬೆಚ್ಚಗಿನ ತುಟಿ ಹಣೆಗೆ ತಾಗಿತು. ಸತ್ತವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

"ಕಟ್! ಅಯ್ಯೋ, ಹೆಣ ಅಳ್ತಿದೆ!"

ಅಂಗಳವೆಲ್ಲ ಗೊಳ್ಳೆಂದಿತು. ಔಸೇಪ್ಪಚ್ಚನ್ ನಿರ್ದೇಶಕನ ಕಡೆಗೆ ತಿರುಗಿ ಗದರಿದ: "ಅಳ್ಲಿ ಬಿಡಯ್ಯಾ, ನನ್ನ ತಮ್ಮ ಅವನು! ಬೇಕಿದ್ರೆ ಇನ್ನೊಂದ್ಸಲ ತೆಗಿ. ನಾನೇನು ಓಡಿಹೋಗಲ್ಲ."

ಏಲಿಕುಟ್ಟಿ ಸೆರಗಿನಿಂದ ಗಂಡನ ಕೆನ್ನೆ ಒರೆಸಿದಳು. ಅವಿರಾಚ್ಚನ್ ಮತ್ತೆ ಕಣ್ಣು ಮುಚ್ಚಿ, ಹಣೆಯನ್ನು ತುಸು ಮೇಲಕ್ಕೆತ್ತಿ ಮಲಗಿದ.